ಪ್ರಶ್ನೋತ್ತರ: ಧರ್ಮಗುರುಗಳ ಸಭೆ ಬರೀ ಫೋಟೋಗಾ?

ಪ್ರಶ್ನೆ: ನಾನು ಅಂತರರಾಷ್ಟ್ರೀಯ ಸಂಬಂಧಗಳ ವಿಷಯದಲ್ಲಿ ಎಂ.ಎ. ಓದುತ್ತಿದ್ದೇನೆ. ಯುರೋಪಿನ ಮೂವತ್ತು ವರ್ಷಗಳ ಯುದ್ಧ ಮುಗಿಸಿದ 1648ರ ವೆಸ್ಟ್‌ಫೇಲಿಯಾ ಒಪ್ಪಂದದ ನಂತರ ದೇಶದೇಶಗಳ ವ್ಯವಹಾರದಿಂದ ಧರ್ಮ ಪಕ್ಕಕ್ಕೆ ಸರಿಯಿತು ಅಂತ ನಮಗೆ ಪಾಠ ಮಾಡುತ್ತಾರೆ. ಈಗ ನೋಡಿದರೆ ವಿಶ್ವಸಂಸ್ಥೆಯವರೇ ಧರ್ಮಗುರುಗಳನ್ನು ಕರೆದು ಸಭೆ ಮಾಡುತ್ತಾರೆ. ಇದರಿಂದ ನಿಜವಾಗಿ ಏನಾದರೂ ಆಗುತ್ತಾ? ಫೀಲ್ಡ್‌ನಲ್ಲಿ ಕೆಲಸ ಮಾಡಿದವರು ಹೇಳಿ.

ಉತ್ತರ: ನಾನು ಆರೋಗ್ಯ ಯೋಜನೆಗಳಲ್ಲಿ ಜನರ ಜೊತೆ ಮಾತುಕತೆ ನೋಡಿಕೊಳ್ಳುವವಳು. ನೇರವಾಗಿ ಹೇಳುತ್ತೇನೆ, ಅರ್ಧಕ್ಕರ್ಧ ಸಭೆಗಳು ಫೋಟೋಗೇ. ನಾನಿದ್ದ ಒಂದು ಯೋಜನೆಯಲ್ಲಿ ಕರಪತ್ರ ಮೊದಲೇ ಅಚ್ಚಾಗಿ ಬಂದಿತ್ತು, ಗುರುಗಳನ್ನು ಕರೆದದ್ದು ಆಮೇಲೆ. ಒಬ್ಬ ಹಿರಿಯರು ಕರಪತ್ರ ತಿರುವಿ ನೋಡಿ, "ನಮ್ಮನ್ನು ಕೇಳೋಕೆ ಕರೆದಿರೋ, ಹೇಳೋಕೆ ಕರೆದಿರೋ?" ಅಂದರು. ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಆದರೆ ಮೊದಲೇ ಕೇಳಿದ ಕಡೆ ಕೆಲಸ ಆಗಿದೆ. 2014ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಹಬ್ಬಿದಾಗ ಏನಾಯಿತು ನೋಡಿ. ಎಬೋಲಾದಿಂದ ಸತ್ತವರ ದೇಹದಲ್ಲಿ ವೈರಸ್ ತುಂಬಾ ಜಾಸ್ತಿ. ಅಲ್ಲಿ ಮನೆಯವರೇ ಹೆಣಕ್ಕೆ ಸ್ನಾನ ಮಾಡಿಸುತ್ತಾರೆ, ಮುಟ್ಟಿ ಬೀಳ್ಕೊಡುತ್ತಾರೆ. ಸೋಂಕು ಹರಡಲು ಇದೂ ಒಂದು ದೊಡ್ಡ ಕಾರಣ. ಮೊದಮೊದಲು ಬಿಳಿ ಸೂಟು ಹಾಕಿದವರು ಬಂದು, ಕ್ಲೋರಿನ್ ಸಿಂಪಡಿಸಿ, ಚೀಲಕ್ಕೆ ತುಂಬಿಸಿಕೊಂಡು ಹೋಗುತ್ತಿದ್ದರು. ಲೈಬೀರಿಯಾದ ರಾಜಧಾನಿ ಮನ್‌ರೋವಿಯಾದಲ್ಲಂತೂ ಹೆಣ ಸುಡಬೇಕೆಂದು ಸರ್ಕಾರವೇ ಆದೇಶ ಮಾಡಿತು, ಅದೂ ಹೂಳುವ ಪದ್ಧತಿ ಇರುವ ಜನರಿಗೆ. ಜನ ಏನು ಮಾಡುತ್ತಾರೆ ಹೇಳಿ? ರೋಗಿಗಳನ್ನು ಬಚ್ಚಿಟ್ಟರು, ಗುಟ್ಟಾಗಿ ಹೂಳಿದರು.

ಆ ವರ್ಷದ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಕ್ರೈಸ್ತ, ಮುಸ್ಲಿಂ ಸಂಘಟನೆಗಳ ಜೊತೆ ಕೂತು ನಿಯಮವನ್ನು ಹೊಸದಾಗಿ ಬರೆಯಿತು. ಮನೆಯವರನ್ನು ಕೇಳದೆ ಹೆಣ ಮುಟ್ಟುವಂತಿಲ್ಲ. ಪ್ರಾರ್ಥನೆಗೆ ಗುರುಗಳು ಬರಬಹುದು. ಮುಸ್ಲಿಮರಿಗೆ ನೀರಿನ ಸ್ನಾನದ ಬದಲು ತಯಮ್ಮುಮ್, ಅಂದರೆ ನೀರಿಲ್ಲದೆ ಸಾಂಕೇತಿಕವಾಗಿ ಮಾಡುವ ಶುದ್ಧಿ, ಜೊತೆಗೆ ಕಫನ್, ಅಂದರೆ ಹೆಣಕ್ಕೆ ಸುತ್ತುವ ಬಿಳಿ ಬಟ್ಟೆ. ಸ್ನಾನದ ಬದಲು ಇದು ನಡೆಯುತ್ತದೆ ಅಂತ ವೈದ್ಯರು ಹೇಳಿದರೆ ಯಾರು ಒಪ್ಪುತ್ತಾರೆ? ಇಮಾಮರೇ ಹೇಳಬೇಕು.

ಇನ್ನೊಬ್ಬರು: ಆದರೆ ನೈಜೀರಿಯಾದಲ್ಲಿ ಪೋಲಿಯೋ ಹನಿ ನಿಲ್ಲಿಸಿದ್ದು ಧಾರ್ಮಿಕ ಮುಖಂಡರೇ ಅಲ್ವಾ?

ಉತ್ತರ: ಹೌದು, ಮುಚ್ಚಿಡುವಂಥದ್ದೇನೂ ಇಲ್ಲ. 2003ರಲ್ಲಿ ಲಸಿಕೆಯಿಂದ ಹೆಣ್ಣುಮಕ್ಕಳಿಗೆ ಬಂಜೆತನ ಬರುತ್ತದೆ ಅಂತ ಸುದ್ದಿ ಹಬ್ಬಿಸಿದರು, ಕಾನೋ ರಾಜ್ಯ ಲಸಿಕೆ ನಿಲ್ಲಿಸಿತು. ಆದರೆ ಆ ಅನುಮಾನ ಧರ್ಮಗ್ರಂಥದಿಂದ ಬಂದದ್ದಲ್ಲ. 1996ರಲ್ಲಿ ಅದೇ ಕಾನೋದಲ್ಲಿ ಮೆನಿಂಜೈಟಿಸ್ ಬಂದಾಗ ಒಂದು ವಿದೇಶಿ ಔಷಧ ಕಂಪನಿ ಮಕ್ಕಳ ಮೇಲೆ ಹೊಸ ಔಷಧ ಪ್ರಯೋಗ ಮಾಡಿ ದೊಡ್ಡ ವಿವಾದವಾಗಿತ್ತು. ಜನ ಅದನ್ನು ಮರೆತಿರಲಿಲ್ಲ. ಕೊನೆಗೆ 2004ರಲ್ಲಿ ಮುಸ್ಲಿಮರೇ ಹೆಚ್ಚಿರುವ ಇಂಡೋನೇಷ್ಯಾದಲ್ಲಿ ತಯಾರಾದ ಲಸಿಕೆ ತರಿಸಿ ಶುರು ಮಾಡಿದರು. ವಿಚಿತ್ರ ಅಂದರೆ, ಅಷ್ಟರಲ್ಲಿ ನೈಜೀರಿಯಾದ ವೈರಸ್ ದೇಶದಿಂದ ದೇಶಕ್ಕೆ ದಾಟಿ, 2005ರಲ್ಲಿ ಅದೇ ಇಂಡೋನೇಷ್ಯಾಕ್ಕೂ ಹೋಯಿತು! ಆಫ್ರಿಕಾದಲ್ಲಿ ಕಾಡು ಪೋಲಿಯೋ (ಪ್ರಕೃತಿಯಲ್ಲಿ ತಾನಾಗಿ ಹರಡುವ ವೈರಸ್) ಇಲ್ಲ ಎಂದು ಘೋಷಿಸಿದ್ದು 2020ರಲ್ಲಿ.

ಜನ ಯಾರ ಮಾತು ನಂಬುತ್ತಾರೋ ಅವರ ಬಾಯಿಂದ ಸುಳ್ಳು ಬಂದರೂ ಓಡುತ್ತದೆ, ನಿಜ ಬಂದರೂ ಓಡುತ್ತದೆ. ಹಾಗಾಗಿ ಅವರನ್ನು ದೂರ ಇಟ್ಟರೆ ನಷ್ಟ ನಮಗೇ.

ಪ್ರಶ್ನೆ ಕೇಳಿದವರು: ಯುದ್ಧ, ಸಂಧಾನದ ವಿಷಯದಲ್ಲೂ ಇದೇ ಲೆಕ್ಕವಾ?

ಉತ್ತರ: ಬಹುಮಟ್ಟಿಗೆ. ಮೊಜಾಂಬಿಕ್ ನೋಡಿ. ಸರ್ಕಾರ ನಡೆಸುತ್ತಿದ್ದ ಫ್ರೆಲಿಮೋ ಪಕ್ಷಕ್ಕೂ ರೆನಾಮೋ ಬಂಡುಕೋರರಿಗೂ 1977ರಿಂದ ಕಾದಾಟ. ಯುದ್ಧಕ್ಕೆ ಹಸಿವೂ ಸೇರಿ ಸುಮಾರು 10 ಲಕ್ಷ ಜನ ಸತ್ತರು. ಮಾತುಕತೆ ನಡೆದದ್ದು ಯಾವ ದೊಡ್ಡ ದೇಶದ ಅರಮನೆಯಲ್ಲೂ ಅಲ್ಲ, ರೋಮ್‌ನ ಒಂದು ಹಳೇ ಕಾನ್ವೆಂಟಿನಲ್ಲಿ. ಸಾಂತ್ ಎಜಿದಿಯೋ ಅನ್ನುವ ಕ್ಯಾಥೊಲಿಕ್ ಬಳಗದವರ ಜಾಗ ಅದು. 1968ರಲ್ಲಿ ವಿದ್ಯಾರ್ಥಿಗಳು ಶುರು ಮಾಡಿದ ಬಳಗ. 1990ರ ಜುಲೈನಲ್ಲಿ ಕೂತವರು ಎದ್ದದ್ದು 1992ರ ಅಕ್ಟೋಬರ್ 4ರಂದು, ಸಹಿ ಹಾಕಿ. ಇವರ ಹತ್ತಿರ ಸೈನ್ಯವೂ ಇರಲಿಲ್ಲ, ಹೇಳಿಕೊಳ್ಳುವಂಥ ದುಡ್ಡೂ ಇರಲಿಲ್ಲ. ಅದಕ್ಕೇ ಇಬ್ಬರೂ ನಂಬಿದರು ಅಂತ ನನಗನಿಸುತ್ತದೆ. ಆಮೇಲೆ ಕಾವಲಿಗೆ ವಿಶ್ವಸಂಸ್ಥೆಯ ಪಡೆ ಬೇಕಾಯಿತು, ಅದು ಬೇರೆ. ಪ್ರಾರ್ಥನೆಯಿಂದ ಯಾರೂ ಬಂದೂಕು ಕೆಳಗಿಡಲ್ಲ.

ಮತ್ತೊಬ್ಬರು: ಸಹಾಯದ ಹೆಸರಲ್ಲಿ ಮತಾಂತರ? ಅದರ ಬಗ್ಗೆ ಯಾಕೆ ಮಾತಿಲ್ಲ?

ಉತ್ತರ: ನ್ಯಾಯವಾದ ಪ್ರಶ್ನೆ. 1994ರಲ್ಲಿ ರೆಡ್‌ಕ್ರಾಸ್ ಮತ್ತು ದೊಡ್ಡ ಪರಿಹಾರ ಸಂಸ್ಥೆಗಳು ಸೇರಿ ನೀತಿಸಂಹಿತೆ ಮಾಡಿಕೊಂಡಿವೆ. ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದೆ ಮಾಡಲು ನೆರವನ್ನು ಬಳಸಬಾರದು ಅಂತ ಅದರಲ್ಲಿದೆ. ಆದರೆ ಅದು ತಾವಾಗಿ ಒಪ್ಪಿಕೊಂಡದ್ದು, ಮುರಿದರೆ ಹಿಡಿದು ಶಿಕ್ಷಿಸುವವರಿಲ್ಲ. ಅಕ್ಕಿ ಮೂಟೆ ಕೊಡುವಾಗ ಪ್ರಾರ್ಥನೆಗೆ ಬಾ ಅನ್ನುವವನ ಜೊತೆ ನಾನು ಕೆಲಸ ಮಾಡಲ್ಲ, ಅವನು ಯಾವ ಧರ್ಮದವನಾದರೂ ಸರಿ.

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಧರ್ಮಗುರುಗಳನ್ನು ಕರೆಯಿರಿ ಅಂದರೆ ಬರುವವರು ಯಾರು? ಗಂಡಸರು, ಅದೂ ವಯಸ್ಸಾದವರು. ಲೈಬೀರಿಯಾದಲ್ಲಿ 2003ರಲ್ಲಿ ಅಂತರ್ಯುದ್ಧ ನಿಲ್ಲಲಿ ಅಂತ ಕ್ರೈಸ್ತ, ಮುಸ್ಲಿಂ ಹೆಂಗಸರು ಒಟ್ಟಾಗಿ ಬಿಳಿ ಬಟ್ಟೆ ಹಾಕಿಕೊಂಡು ಮೀನು ಮಾರುಕಟ್ಟೆಯ ಹತ್ತಿರದ ಬಯಲಲ್ಲಿ ದಿನಾ ಕೂತರು. ಸಂಧಾನ ಘಾನಾದ ಅಕ್ರಾದಲ್ಲಿ ಎಳೆಯುತ್ತಾ ಹೋದಾಗ ಅಲ್ಲಿಗೂ ಹೋಗಿ, ಒಪ್ಪಂದ ಆಗುವವರೆಗೆ ಯಾರೂ ಹೊರಗೆ ಬರಬೇಡಿ ಅಂತ ಸಭಾಂಗಣದ ಬಾಗಿಲಿಗೇ ಅಡ್ಡ ಕೂತರು. ಆಗಸ್ಟ್ 18ಕ್ಕೆ ಸಹಿ ಬಿತ್ತು. ಮುಂದಾಳು ಲೇಮಾ ಬೋವಿಯವರಿಗೆ 2011ರಲ್ಲಿ ನೊಬೆಲ್ ಬಂತು.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ಪ್ರಬಂಧಕ್ಕೆ ಮೊಜಾಂಬಿಕ್ ತಗೊಳ್ಳೋಣ ಅಂತಿದ್ದೇನೆ.

ಉತ್ತರ: ಪೋರ್ಚುಗೀಸ್ ಬರುತ್ತಾ? ಬರದಿದ್ದರೆ ಲೈಬೀರಿಯಾ ತಗೊಳ್ಳಿ, ಅಲ್ಲಿನ ಆಡಳಿತ ಭಾಷೆ ಇಂಗ್ಲಿಷೇ, ದಾಖಲೆ ಓದುವುದು ಸುಲಭ.