ಅಪ್‌ಡೇಟ್: ಹಳೆಯ ಮನೆಗೆ ಹೋಗಿ ಬಂದೆ

ಬೆಂಗಳೂರಿನ ಕೆಲಸ ಕೈತಪ್ಪಿದ ಮೇಲೆ ನಿದ್ದೆಯೂ ಧೈರ್ಯವೂ ಒಟ್ಟಿಗೇ ಹೋಗಿವೆ, ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯಿರುವ ನಮ್ಮ ಹಿರಿಯರ ಮನೆಯಿಂದ ಬಲ ಪಡೆಯಲು ದಾರಿಯಿದೆಯೇ ಎಂದು ಹದಿನೈದು ದಿನಗಳ ಹಿಂದೆ ಇಲ್ಲಿ ನಿಮ್ಮನ್ನು ಕೇಳಿದ್ದೆ.

ಮನೆಯ ಹಳೆಯ ಫೋಟೋಗಳನ್ನು ಮೇಜಿನ ಮೇಲಿಟ್ಟುಕೊಳ್ಳಿ ಎಂಬ ಸಲಹೆ ನನಗೆ ಒಗ್ಗಲಿಲ್ಲ. ಅವು ಈಗ ಇಲ್ಲದವರನ್ನೇ ನೆನಪಿಸಿದವು. ದಿನವೂ ವಿಡಿಯೋ ಕರೆ ಮಾಡಿದ್ದರಿಂದ ಅವ್ವನ ಚಿಂತೆ ಹೆಚ್ಚಿತಷ್ಟೆ. ಫಲಿಸಿದ್ದು, ‘ಅತಿಥಿಯಂತೆ ಕೂರಬೇಡಿ, ಆ ಮನೆಯ ಒಂದು ಕೆಲಸ ಹಿಡಿಯಿರಿ’ ಎಂದವರ ಮಾತು. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ, ಅಂದರೆ ಮನೆಯ ಮಣ್ಣಿನ ಚಾವಣಿಗೆ, ಹೊಸ ಮಣ್ಣು ಹಾಕಬೇಕಿತ್ತು. ಕಾಕಾನೊಂದಿಗೆ ಬುಟ್ಟಿ ಹೊತ್ತು, ನೀರು ಚಿಮುಕಿಸಿ, ಹಲಗೆಯಿಂದ ಬಡಿದು ಗಟ್ಟಿ ಮಾಡಿ, ಸಂಜೆ ಪಡಸಾಲೆಯ ತಣ್ಣನೆಯ ಶಹಾಬಾದ್ ಪರಸಿಯ (ಕಲ್ಲುಹಾಸಿನ) ಮೇಲೆ ಬೆನ್ನು ಚಾಚಿದರೆ, ತಿಂಗಳುಗಳಿಂದ ಮುನಿಸಿಕೊಂಡಿದ್ದ ನಿದ್ದೆ ಊಟಕ್ಕೆ ಕರೆಯುವ ಮೊದಲೇ ಬಂದುಬಿಡುತ್ತಿತ್ತು.

ಅಚ್ಚರಿ ಕಾದಿದ್ದು ಟ್ರಂಕಿನಲ್ಲಿ. ನಿಜಾಮರ ಕಾಲದ ಉರ್ದು ಕಾಗದವೊಂದನ್ನು ಊರಿನ ನಿವೃತ್ತ ಶಿಕ್ಷಕರು ಓದಿ ಹೇಳಿದರು: ಮುತ್ತಜ್ಜ ಈ ಮನೆಯನ್ನು ಅಡವಿಟ್ಟಿದ್ದರಂತೆ. 1972ರ ಬರದಲ್ಲಿ ಅಜ್ಜ ಬೀಗ ಜಡಿದು ಮುಂಬೈಗೆ ದುಡಿಯಲು ಹೋಗಿದ್ದನ್ನು ಅವ್ವ ಬಾಯಿಬಿಟ್ಟಿದ್ದೂ ಆಗಲೇ. ಎಂದೂ ಅಲುಗದ ಮನೆಯೆಂದು ನಾನು ಭಾವಿಸಿದ್ದು ಎರಡು ಬಾರಿ ಕೈಬಿಟ್ಟು ಹೋಗುವುದರಲ್ಲಿತ್ತು. ವಿಚಿತ್ರವೆಂದರೆ, ಕೆಲಸ ಹೋದ ನನ್ನ ಸಂಕೋಚ ಕರಗಿದ್ದು ಅದನ್ನು ಕೇಳಿದ ಮೇಲೆಯೇ.

ಹೊಸ ಕೆಲಸ ಇನ್ನೂ ಸಿಕ್ಕಿಲ್ಲ, ಅರ್ಜಿ ಹಾಕಲು ಆರಂಭಿಸಿದ್ದೇನೆ. ಮಾಳಿಗೆಯ ಒಂದು ಮೂಲೆ ಬಾಕಿಯಿರುವುದರಿಂದ ಮುಂದಿನ ವಾರ ಮತ್ತೆ ಹೋಗುತ್ತೇನೆ.