ಜಿಪ್ಸಿಗೆ 2 ಇಂಚು ಲಿಫ್ಟ್: ಉದ್ದದ ಶ್ಯಾಕಲ್ ಸಾಕಾ?

ಪೆರ್ಲದ ಜಿಪ್ಸಿ:
ಹಳೆ ಜಿಪ್ಸಿ ಕಿಂಗ್ ಇದೆ. ಟಯರ್ ಕಂಪೆನಿ ಅಳತೆಯದ್ದೇ, 205/70 ಆರ್15. ತೋಟಕ್ಕೆ ಇಳಿಯುವ ದಾರಿ ಪೂರಾ ಮುರಕಲ್ಲು, ಮಳೆಗಾಲದಲ್ಲಿ ಪಿಕಪ್ ಓಡಾಡಿ ಎರಡೂ ಕಡೆ ಚಡಿ ಬಿದ್ದು ನಡುವೆ ದಿಬ್ಬ ನಿಂತಿದೆ, ಅಲ್ಲಿ ಅಡಿ ತಾಗುತ್ತದೆ. ಉದ್ದದ ಶ್ಯಾಕಲ್ (ಪ್ಲೇಟ್ ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿದರೆ ಕಡಿಮೆ ಖರ್ಚಲ್ಲಿ 2 ಇಂಚು ಏರುತ್ತದಂತೆ. ಮಾಡಿಸಬಹುದಾ?

ಮುಳ್ಳೇರಿಯ ಫೋರ್‌ವೀಲ್:
ತಾಗುವುದು ಯಾವುದು ಅಂತ ಮೊದಲು ನೋಡಿ ಮಾರಾಯ್ರೆ. ಜಿಪ್ಸಿಗೆ ಹಿಂದೆ ಮುಂದೆ ಎರಡೂ ಗಟ್ಟಿ ಆಕ್ಸಲ್. ಸ್ಪ್ರಿಂಗ್ ಎತ್ತರಿಸಿದರೆ ಚಾಸಿ, ಬಾಡಿ ಏರುತ್ತದೆ, ಡಿಫರೆನ್ಶಿಯಲ್ (ಆಕ್ಸಲ್ ನಡುವಿನ ಉಬ್ಬಿದ ಗೇರ್ ಪೆಟ್ಟಿಗೆ) ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟಯರ್ ಒಂದೇ. ಗೇರ್‌ಬಾಕ್ಸಿನ ಅಡಿಯೋ ಸೈಲೆನ್ಸರೋ ತಾಗುವುದಾದರೆ ಲಿಫ್ಟ್ ಮಾಡಿಸಿ. ಮತ್ತೆ ಶ್ಯಾಕಲ್ 2 ಇಂಚು ಉದ್ದವಾದರೆ ಗಾಡಿ ಏರುವುದು 1 ಇಂಚು, ಸ್ಪ್ರಿಂಗಿನ ಇನ್ನೊಂದು ತುದಿ ಚಾಸಿಗೇ ಕಚ್ಚಿಕೊಂಡಿರುತ್ತದಲ್ವಾ.

ಆದೂರು ಗುಡ್ಡೆ:
ಶ್ಯಾಕಲ್ ನನಗೆ ಇಷ್ಟವೇ ಇಲ್ಲ. ಮುಂದಿನ ಆಕ್ಸಲ್ ಸ್ವಲ್ಪ ತಿರುಗಿ ಕ್ಯಾಸ್ಟರ್ (ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಮ್ಮಿಯಾಗುತ್ತದೆ, ತಿರುವು ಮುಗಿದ ಮೇಲೆ ಸ್ಟೇರಿಂಗ್ ನೇರಕ್ಕೆ ಬರಲು ಉದಾಸೀನ ಮಾಡುತ್ತದೆ. ಹಳೆ ಗಾಡಿಯಲ್ಲಿ ಸ್ಪ್ರಿಂಗಿನ ಪ್ಲೇಟುಗಳು ಕುಳಿತು ನೆಟ್ಟಗಾಗಿರುತ್ತವೆ, ಅದನ್ನು ಬಾಗಿಸಿ ಸೆಟ್ ಮಾಡಿಸಿದರೇ ಹೋದ ಎತ್ತರ ವಾಪಸ್ ಬರಬಹುದು. ಏನೇ ಮಾಡಿಸಿದರೂ ಚಾಸಿಗೆ ಜ್ಯಾಕ್ ಕೊಟ್ಟು ಚಕ್ರ ನೇತಾಡಲು ಬಿಟ್ಟು ನೋಡಿ. ಬ್ರೇಕ್ ಹೋಸ್ ತಂತಿಯ ಹಾಗೆ ಬಿಗಿದುಕೊಂಡಿದ್ದರೆ ಅಥವಾ ಆಕ್ಸಲ್ಲಿನ ಭಾರ ಶಾಕ್ ಅಬ್ಸಾರ್ಬರ್ ಮೇಲೆ ಜೋತು ಬಿದ್ದಿದ್ದರೆ, ಎರಡಕ್ಕೂ ಉದ್ದದ್ದು ಹಾಕದೆ ರಸ್ತೆಗೆ ಇಳಿಸಬೇಡಿ. ಕಾನೂನೂ ಉಂಟು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿನದ್ದು, 2019ರ ತಿದ್ದುಪಡಿ ನಂತರ ಕಾನೂನು ಒಪ್ಪದ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ. ನಮ್ಮ ಕಾಸರಗೋಡು ಕಡೆ ಕೇರಳ ನಂಬರಿನ ಗಾಡಿಯಲ್ಲಿ ಪೇಟೆಗೆ ಹೋಗುವವರು ಇದನ್ನು ಸುಮ್ನೆ ಬಿಡುವ ಹಾಗಿಲ್ಲ.

ಪೆರ್ಲದ ಜಿಪ್ಸಿ:
ಅಡಿಗೆ ನುಗ್ಗಿ ನೋಡಿದೆ. ಹಿಂದಿನ ಡಿಫರೆನ್ಶಿಯಲ್ ಅಡಿ ಪೇಂಟ್ ಕಿತ್ತು ಕಬ್ಬಿಣ ಹೊಳೆಯುತ್ತಿದೆ, ಡ್ರೈನ್ ಪ್ಲಗ್ ಸುತ್ತ ಕೆಂಪು ಮಣ್ಣು, ಒಣ ಹುಲ್ಲು. ಗೇರ್‌ಬಾಕ್ಸ್ ಕಡೆ ಒಂದು ಗೀರೂ ಇಲ್ಲ. ಹಾಗಾದ್ರೆ 215/75 ಟಯರ್ ಹಾಕಿಸಲಾ?

ಮುಳ್ಳೇರಿಯ ಫೋರ್‌ವೀಲ್:
ಹಾಕಿಸಬಹುದು, ಆದರೆ ಜಾಸ್ತಿ ಆಸೆ ಬೇಡ. ಟಯರಿನ ಎತ್ತರ ಸುಮಾರು 35 ಮಿಲಿಮೀಟರ್ ಜಾಸ್ತಿ, ಡಿಫರೆನ್ಶಿಯಲ್ ಏರುವುದು ಅದರ ಅರ್ಧ. ಸ್ಟೇರಿಂಗ್ ಪೂರಾ ತಿರುಗಿಸಿ ಎಲ್ಲಾದರೂ ಉಜ್ಜುತ್ತದಾ ನೋಡಿಕೊಳ್ಳಿ. ಈಗ 60 ತೋರಿಸುವ ಮೀಟರ್ ಆಮೇಲೆ 63ರ ಓಟಕ್ಕೂ 60 ಅಂತಲೇ ತೋರಿಸುತ್ತದೆ. ದಾರಿ ನಿಮ್ಮದೇ ಆದರೆ ಶ್ಯಾಕಲ್ ದುಡ್ಡಲ್ಲಿ ಪಿಕ್ಕಾಸಿನವರನ್ನು ಕರೆಸಿ ನಡುವಿನ ದಿಬ್ಬ ಕಡಿಸಿ, ಆ ಕಲ್ಲನ್ನೇ ಚಡಿಗೆ ತುಂಬಿಸಿ. ಪಿಕಪ್ಪಿನವರೂ ಖುಷಿಯಾಗ್ತಾರೆ.