ಸುಮಾಳ ಪ್ರಶ್ನೆಗೆ ಉತ್ತರ: ಮಲಕ್ಕಾಕ್ಕೆ ಅರ್ಧ ದಿನ ಸಾಲದು

ಎಲ್ಲರಿಗೂ ನಮಸ್ಕಾರ. ಸುಮಾ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಈಗ ಓದಿದೆ. ಮಲೇಶಿಯಾದ ಕೌಲಾಲಂಪುರಕ್ಕೆ ಹೋದಾಗ ಮಲಕ್ಕಾ ನಗರವನ್ನೂ ನೋಡಿಬರಬೇಕೆಂದಿದ್ದೀರಿ. ಬೆಳಿಗ್ಗೆ ಹೊರಟು ಸಂಜೆಗೆ ಹಿಂತಿರುಗುವ ಟೂರಿನ ಬಸ್ಸು ಸಾಕೇ, ಮಕ್ಕಳಿಗೆ ಬೇಸರವಾಗದೇ, ಮೊಣಕಾಲು ನೋವಿನ ಅತ್ತಿಗೆಯವರಿಗೆ ಅಲ್ಲಿ ನೋಡುವುದಕ್ಕೆ ಏನಿದೆ, ಊಟಕ್ಕೆ ಏನು ಗತಿ ಎಂದು ಕೇಳಿದ್ದೀಯೆ. ಫೋನಿನಲ್ಲಿ ಇಷ್ಟುದ್ದ ಟೈಪು ಮಾಡುವುದು ನನ್ನ ಕಣ್ಣಿಗೆ ಆಗದ ಕೆಲಸವಾದ್ದರಿಂದ, ಹೇಳಬೇಕಾದದ್ದನ್ನೆಲ್ಲ ಹಾಳೆಯಲ್ಲಿ ಬರೆದಿಟ್ಟುಕೊಂಡು ಓದುತ್ತಿದ್ದೇನೆ. ಉದ್ದವಾಯಿತೆನಿಸಿದರೆ ಎರಡು ಸಲಕ್ಕೆ ಕೇಳಿಕೊಳ್ಳಿ.

ಮೊದಲು ಬಸ್ಸಿನ ವಿಷಯ. ಅದು ಬೇಡ. ನಾನು ಕೌಲಾಲಂಪುರದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಥದ್ದೇ ಒಂದು ಬಸ್ಸಿನಲ್ಲಿ ಹೋಗಿದ್ದೆ. ದಾರಿಯಲ್ಲಿ ಎರಡು ಅಂಗಡಿಗಳ ಮುಂದೆ ನಿಲ್ಲಿಸಿ, ನೆತ್ತಿ ಸುಡುವ ಹೊತ್ತಿಗೆ ಕೆಂಪು ಕಟ್ಟಡಗಳ ಎದುರು ಇಳಿಸಿ, ಮೂರು ಗಂಟೆಯೊಳಗೆ ಬಂದುಬಿಡಿ ಎಂದರು. ಮುಕ್ಕಾಲು ಹೊತ್ತು ನೆರಳು ಹುಡುಕುವುದರಲ್ಲಿಯೇ ಕಳೆಯಿತು. ಮಲಕ್ಕಾವನ್ನು ನಾನು ನಿಜವಾಗಿ ನೋಡಿದ್ದು ಎರಡನೆಯ ಸಲ, ನದಿಯ ಪಕ್ಕದಲ್ಲಿ ಎರಡು ರಾತ್ರಿ ಉಳಿದಾಗ. ಆ ಊರಿಗೆ ಬೆಳಗಿನ ಎಂಟು ಗಂಟೆ ಒಂದು ಮುಖ, ಸಂಜೆಯ ಏಳು ಗಂಟೆ ಇನ್ನೊಂದು ಮುಖ; ಟೂರಿನವರು ತೋರಿಸುವುದು ಇವೆರಡೂ ಅಲ್ಲದ ಮಧ್ಯಾಹ್ನವನ್ನು.

ಹಳೆಯ ಊರು ತುಂಬ ಚಿಕ್ಕದು, ನಡೆದೇ ಸುತ್ತಬಹುದು. ನಡುವೆ ಮಲಕ್ಕಾ ನದಿ ಹರಿಯುತ್ತದೆ. ನದಿಯ ಒಂದು ದಡದಲ್ಲಿ ಗುಡ್ಡ, ಕೋಟೆಯ ಬಾಗಿಲು ಮತ್ತು ಕೆಂಪು ಕಟ್ಟಡಗಳಿವೆ, ಅಂದರೆ ಆಳಿದವರ ಭಾಗ. ಇನ್ನೊಂದು ದಡದಲ್ಲಿ ವ್ಯಾಪಾರಿಗಳ ಬೀದಿಗಳು, ಮನೆಗಳು ಮತ್ತು ಗುಡಿಗಳಿವೆ. ಈ ವಿಂಗಡಣೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಕ್ಷೆಯೇ ಬೇಕಾಗುವುದಿಲ್ಲ. ಊರು ಇಲ್ಲಿ ಬೆಳೆದದ್ದು ಗಾಳಿಯಿಂದಾಗಿ. ನೈಋತ್ಯದ ಗಾಳಿ ಹಿಡಿದು ಗುಜರಾತ್ ಮತ್ತು ಕೋರಮಂಡಲ ತೀರದಿಂದ ಬಂದ ಹಡಗುಗಳೂ ಈಶಾನ್ಯದ ಗಾಳಿ ಹಿಡಿದು ಚೀನಾದಿಂದ ಬಂದ ಹಡಗುಗಳೂ ಈ ಇಕ್ಕಟ್ಟಾದ ಜಲಸಂಧಿಯಲ್ಲಿ ಸಂಧಿಸುತ್ತಿದ್ದವು, ಗಾಳಿ ತಿರುಗುವ ತನಕ ಇಲ್ಲಿಯೇ ಕಾಯುತ್ತಿದ್ದವು. ಆಗ ಊರನ್ನು ಆಳುತ್ತಿದ್ದ ಸುಲ್ತಾನರು ವ್ಯಾಪಾರಿಗಳ ಮೇಲ್ವಿಚಾರಣೆಗೆಂದು ನಾಲ್ವರು ಶಹಬಂದರ್‌ಗಳನ್ನು, ಅಂದರೆ ಬಂದರಿನ ಅಧಿಕಾರಿಗಳನ್ನು, ಇಟ್ಟಿದ್ದರು, ಅವರಲ್ಲಿ ಒಬ್ಬನ ಹೊಣೆ ಗುಜರಾತಿಗಳದ್ದು ಮಾತ್ರ. 1512ರ ಹೊತ್ತಿಗೆ ಅಲ್ಲಿಗೆ ಬಂದಿದ್ದ ತೋಮೆ ಪಿರೆಸ್ ಎಂಬ ಪೋರ್ಚುಗೀಸ್ ಔಷಧ ವ್ಯಾಪಾರಿ ಈ ಬಂದರಿನಲ್ಲಿ 84 ಭಾಷೆಗಳು ಕೇಳಿಬರುತ್ತವೆಂದು ಬರೆದಿಟ್ಟಿದ್ದಾನೆ.

ಮಕ್ಕಳಿಗೆ ವಿಮಾನದಲ್ಲಿಯೇ ಹೇಳಬಹುದಾದ ಕಥೆಯೊಂದಿದೆ. ಸುಮಾರು 1400ರಲ್ಲಿ ಸುಮಾತ್ರಾ ದ್ವೀಪದ ಪಾಲೆಂಬಾಂಗಿನ ರಾಜಕುಮಾರ ಪರಮೇಶ್ವರ ನೆಲೆ ಕಳೆದುಕೊಂಡು ಈ ನದೀಮುಖಕ್ಕೆ ಬಂದು ಒಂದು ಮರದ ಕೆಳಗೆ ಕುಳಿತಿದ್ದನಂತೆ. ಅವನ ಬೇಟೆನಾಯಿಯನ್ನು ಬರ್ಕದಂಥ, ಅಂದರೆ ಮೊಲದಷ್ಟೇ ಎತ್ತರದ ಜಿಂಕೆಯಂಥ, ಪುಟ್ಟ ಪ್ರಾಣಿಯೊಂದು ಒದ್ದು ನೀರಿಗೆ ಕೆಡವಿತಂತೆ. ಇಷ್ಟು ಸಣ್ಣ ಜೀವಿಗೂ ಇಷ್ಟು ಧೈರ್ಯ ಬರುವ ನೆಲ ಇದಾದರೆ ಇಲ್ಲಿಯೇ ರಾಜ್ಯ ಕಟ್ಟುತ್ತೇನೆಂದು ನಿಶ್ಚಯಿಸಿ, ತಾನು ಒರಗಿದ್ದ ಮರದ ಹೆಸರನ್ನೇ ಊರಿಗೆ ಇಟ್ಟನಂತೆ. ಕೇಳುತ್ತಿದ್ದಂತೆ ನಮ್ಮವರಿಗೆ ವಿಜಯನಗರದ ಮೊಲ ನೆನಪಾಗುತ್ತದೆ. ರಾಜಧಾನಿಗಳಿಗೆಲ್ಲ ನಾಯಿಯನ್ನು ಹೆದರಿಸುವ ಒಂದು ಪ್ರಾಣಿ ಬೇಕೆಂದು ಕಾಣುತ್ತದೆ. ಆ ಮೆಲಾಕ ಮರ ಬೇರೆ ಯಾವುದೂ ಅಲ್ಲ, ನೆಲ್ಲಿ. ಸಂಸ್ಕೃತದ ಆಮಲಕವೇ ಆ ಪದದ ಮೂಲವೆಂದು ಹೇಳುವವರಿದ್ದಾರೆ. ಉತ್ಥಾನ ದ್ವಾದಶಿಗೆ ತುಳಸಿಯ ಪಕ್ಕದಲ್ಲಿ ನೆಲ್ಲಿಯ ಕೊಂಬೆಯನ್ನು ನೆಡುವ ಅತ್ತಿಗೆಯವರಿಗೆ ಈ ಮರದ ಪರಿಚಯವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆಳಿದವರ ಭಾಗದಲ್ಲಿ ಮೊದಲು ನೋಡಬೇಕಾದದ್ದು ಪೋರ್ಟಾ ದೆ ಸಾಂಟಿಯಾಗೊ, ಅಂದರೆ ಅ ಫಾಮೋಸಾ ಕೋಟೆಯಲ್ಲಿ ಉಳಿದಿರುವ ಒಂದೇ ಬಾಗಿಲು. ಇದಕ್ಕೂ ನಮ್ಮ ಹೊನ್ನಾವರಕ್ಕೂ ಒಂದು ನಂಟಿದೆ. ಹೊನ್ನಾವರದ ನೌಕಾನಾಯಕ ತಿಮ್ಮೋಜಿಯ ಸಹಾಯದಿಂದ 1510ರಲ್ಲಿ ಗೋವೆಯನ್ನು ಹಿಡಿದ ಅಫೊನ್ಸೊ ಅಲ್ಬುಕರ್ಕನೇ ಮರುವರ್ಷ, 1511ರಲ್ಲಿ, ಇಲ್ಲಿಗೆ ಬಂದು ಮಲಕ್ಕಾವನ್ನು ಗೆದ್ದು ಈ ಕೋಟೆಯನ್ನು ಕಟ್ಟಿಸಿದ. 1641ರಲ್ಲಿ ಡಚ್ಚರು ಅದನ್ನು ಕಸಿದುಕೊಂಡರು. ಬಾಗಿಲಿನ ಮೇಲೆ ಕಾಣುವ 1670 ಎಂಬ ಅಂಕಿ ಮತ್ತು ಲಾಂಛನ ಅವರ ಕಂಪನಿಯವು. 1807ರ ಸುಮಾರಿಗೆ ಬ್ರಿಟಿಷರು ಇಡೀ ಕೋಟೆಯನ್ನು ಸಿಡಿಮದ್ದಿಟ್ಟು ಒಡೆದುಹಾಕಿದರು. ಅವರದ್ದೇ ಅಧಿಕಾರಿ ರಾಫಲ್ಸ್ ತಡೆಯದೇ ಹೋಗಿದ್ದರೆ ಈ ಬಾಗಿಲೂ ಉಳಿಯುತ್ತಿರಲಿಲ್ಲ ಎನ್ನುತ್ತಾರೆ. ನೋಡುವುದಕ್ಕೆ ಹತ್ತು ನಿಮಿಷ ಸಾಕು, ಆದರೆ ನೋಡಲೇಬೇಕು.

ಬಾಗಿಲಿನ ಹಿಂದೆ ಮೆಟ್ಟಿಲು ಹತ್ತಿದರೆ ಸೇಂಟ್ ಪಾಲ್ಸ್ ಗುಡ್ಡ. 1521ರ ಪೋರ್ಚುಗೀಸ್ ಇಗರ್ಜಿಯ ಸೂರಿಲ್ಲದ ಗೋಡೆಗಳು, ಅವುಗಳಿಗೆ ಒರಗಿಸಿಟ್ಟ ಆಳೆತ್ತರದ ಡಚ್ ಗೋರಿಕಲ್ಲುಗಳು, ಎದುರಿಗೆ ಸಮುದ್ರ, ಇಷ್ಟೇ ಅಲ್ಲಿರುವುದು. ಹಳೆ ಗೋವೆಯಲ್ಲಿ ಈಗಲೂ ಇರಿಸಿರುವ ಸೇಂಟ್ ಫ್ರಾನ್ಸಿಸ್ ಝೇವಿಯರರ ದೇಹ 1553ರಲ್ಲಿ ಕೆಲವು ತಿಂಗಳು ಇಲ್ಲಿಯೇ ಹೂಳಲ್ಪಟ್ಟಿತ್ತು. ಆ ಕುಳಿಯ ಮೇಲೆ ಈಗ ಕಬ್ಬಿಣದ ಜಾಲರಿ ಇದೆ. ಅತ್ತಿಗೆಯವರು ಮೆಟ್ಟಿಲು ಹತ್ತುವುದು ಬೇಡ. ನೀವು ಹೋಗಿಬರುವ ತನಕ ಅವರು ಗುಡ್ಡದ ಬುಡದಲ್ಲಿರುವ ಸುಲ್ತಾನರ ಅರಮನೆಯ ತೋಟದಲ್ಲಿ ಕುಳಿತಿರಲಿ. ಅರಮನೆ ಹಳೆಯದಲ್ಲ, ಸುಲ್ತಾನ್ ಮನ್ಸೂರ್ ಶಾಹನ ಮರದ ಅರಮನೆಯ ವರ್ಣನೆಯನ್ನು ಆಧರಿಸಿ 1980ರ ದಶಕದಲ್ಲಿ ಕಟ್ಟಿದ ಪ್ರತಿಕೃತಿ. ಒಳಗಿನ ಬೊಂಬೆಗಳು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಮರಗೆಲಸ ಮಾತ್ರ ಸೊಗಸಾಗಿದೆ. ಚಪ್ಪಲಿ ಕಳಚಿ ಮೇಲೆ ಹೋಗಬೇಕು, ಕಾಲಿಗೆ ಮರದ ತಂಪು ಹಿತವಾಗಿರುತ್ತದೆ.

ಕೆಂಪು ಚೌಕದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಫೋಟೋಗಳಲ್ಲಿ ಎಲ್ಲರೂ ನೋಡಿರುವುದು ಅದನ್ನೇ. ಸ್ಟಾಡ್‌ಹೌಸ್ ಡಚ್ ಗವರ್ನರನ ಕಚೇರಿಯಾಗಿತ್ತು, ಈಗ ವಸ್ತುಸಂಗ್ರಹಾಲಯವಾಗಿದೆ. ಪಕ್ಕದ ಕ್ರೈಸ್ಟ್ ಚರ್ಚ್ 1753ರಲ್ಲಿ ಮುಗಿದದ್ದು. ಅದರ ಚಾವಣಿಯ ಪ್ರತಿಯೊಂದು ತೊಲೆಯೂ ಜೋಡಣೆಯಿಲ್ಲದ ಒಂದೇ ಮರದ್ದು, ತಲೆಯೆತ್ತಿ ನೋಡಲು ಮರೆಯಬೇಡಿ. ಕೆಂಪು ಬಣ್ಣ ಡಚ್ಚರದ್ದಲ್ಲ, ಆಮೇಲೆ ಬಳಿದದ್ದು. ಬೆಳಿಗ್ಗೆ ಎಂಟಕ್ಕೆ ಹೋದರೆ ಚೌಕದಲ್ಲಿ ಪಾರಿವಾಳಗಳು ಮತ್ತು ನೀವು ಮಾತ್ರ ಇರುತ್ತೀರಿ. ಹತ್ತರ ನಂತರ ಬೊಂಬೆ ಮತ್ತು ದೀಪಗಳಿಂದ ಅಲಂಕರಿಸಿದ ಮೂರು ಗಾಲಿಯ ಸೈಕಲ್ ರಿಕ್ಷಾಗಳು ದೊಡ್ಡ ಸದ್ದಿನಲ್ಲಿ ಹಾಡು ಹಾಕಿಕೊಂಡು ಬರುತ್ತವೆ. ನನ್ನ ಕಿವಿಗೆ ಅದು ಶಿಕ್ಷೆ, ಮಕ್ಕಳಿಗೆ ಹಬ್ಬ. ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ.

ಈಗ ಸೇತುವೆ ದಾಟೋಣ. ನನ್ನನ್ನು ಕೇಳಿದರೆ ನಿಜವಾದ ಮಲಕ್ಕಾ ಇರುವುದು ಈ ಕಡೆಯಲ್ಲಿ. ಒಂದೇ ಬೀದಿಯಲ್ಲಿ, ಐದು ನಿಮಿಷದ ನಡಿಗೆಯೊಳಗೆ, ಮೂರು ದೇವಸ್ಥಾನಗಳಿವೆ. ಶ್ರೀ ಪೊಯ್ಯಾತ ವಿನಾಯಗರ್ ಗುಡಿ 1781ರದ್ದು. ಪೊಯ್ಯಾತ ಎಂದರೆ ತಮಿಳಿನಲ್ಲಿ ಹುಸಿಯಾಗದ ಎಂದರ್ಥ. ಡಚ್ ಆಡಳಿತ ಕೊಟ್ಟ ಜಾಗದಲ್ಲಿ ಅಲ್ಲಿಯ ಚೆಟ್ಟಿ ಜನ ಕಟ್ಟಿಸಿದ ಗುಡಿ ಅದು. ಅದಕ್ಕೆ ತಾಗಿಕೊಂಡಂತೆ 1748ರ ಕಂಪುಂಗ್ ಕ್ಲಿಂಗ್ ಮಸೀದಿ ಇದೆ. ಅದಕ್ಕೆ ಗುಮ್ಮಟವಿಲ್ಲ, ಸುಮಾತ್ರಾ ಶೈಲಿಯ ಮೂರು ಹಂತದ ಇಳಿಜಾರು ಮಾಡು, ಚೀನೀ ಪಗೋಡದಂಥ ಮಿನಾರು, ಯುರೋಪಿನ ಕಂಬಗಳು ಮತ್ತು ಬಣ್ಣದ ಹೆಂಚುಗಳು ಒಂದೇ ಕಟ್ಟಡದಲ್ಲಿ ಸೇರಿಕೊಂಡಿವೆ, ವಿಚಿತ್ರವೆಂದರೆ ಯಾವುದೂ ಪರಕೀಯವೆನಿಸುವುದಿಲ್ಲ. ಕ್ಲಿಂಗ್ ಎಂಬುದು ಭಾರತದಿಂದ ಬಂದವರನ್ನು ಕರೆಯಲು ಬಳಸುತ್ತಿದ್ದ, ಕಳಿಂಗದಿಂದ ಬಂದ ಹಳೆಯ ಪದ. ಮಸೀದಿಯ ಹೆಸರಾಗಿ ಉಳಿದಿದ್ದರೂ ಇಂದು ಮನುಷ್ಯರಿಗೆ ಆ ಪದವನ್ನು ಬಳಸಿದರೆ ಬೈಗುಳವಾಗುತ್ತದೆ, ಆದ್ದರಿಂದ ಮಕ್ಕಳು ಅದನ್ನು ಬಾಯಿಪಾಠ ಮಾಡದಂತೆ ನೋಡಿಕೋ. ಇನ್ನು ಸ್ವಲ್ಪ ಮುಂದೆ ಚೆಂಗ್ ಹೂನ್ ತೆಂಗ್, ಹದಿನೇಳನೆಯ ಶತಮಾನದ ಚೀನೀ ದೇವಾಲಯ, ಮಲೇಶಿಯಾದಲ್ಲಿಯೇ ಅತ್ಯಂತ ಹಳೆಯದು. ಅದರ ಅಂಗಳದ ಊದುಬತ್ತಿಯ ಹೊಗೆಯಲ್ಲಿ ಸುಮ್ಮನೆ ಹತ್ತು ನಿಮಿಷ ಕುಳಿತರೂ ಹೋದದ್ದು ಸಾರ್ಥಕ.

ಚೆಟ್ಟಿ ಜನ ಎಂದೆನಲ್ಲ, ಅವರ ಬಗ್ಗೆ ಇನ್ನೂ ಒಂದು ಮಾತು ಹೇಳಬೇಕು. ಸುಲ್ತಾನರ ಕಾಲದಲ್ಲಿ ಗಾಳಿಗಾಗಿ ಕಾಯುತ್ತ ಉಳಿದುಹೋದ ತಮಿಳು ವ್ಯಾಪಾರಿಗಳು ಸ್ಥಳೀಯ ಹೆಂಗಸರನ್ನು ಮದುವೆಯಾಗಿ ಬೆಳೆದ ಸಮುದಾಯ ಅದು. ಅವರ ಮನೆಮಾತು ಮಲಯ್, ಹೆಂಗಸರ ಸಾಂಪ್ರದಾಯಿಕ ಉಡುಪು ಮಲಯ್ ಜನರ ಸರೊಂಗ್ ಎಂಬ ಲುಂಗಿ ಮತ್ತು ಕೆಬಾಯ ಎಂಬ ಮೇಲಂಗಿ, ಆದರೆ ದೇವರು ಮಾತ್ರ ಮಾರಿಯಮ್ಮ, ವಿನಾಯಕ. ಗಾಜಾ ಬೆರಾಂಗ್ ಎಂಬಲ್ಲಿ ಅವರ ಸಣ್ಣ ಹಳ್ಳಿ ಇದೆ, ಅಲ್ಲಿ 1822ರ ಮುತ್ತು ಮಾರಿಯಮ್ಮನ ಗುಡಿಯೂ ಇದೆ. ಆ ಅಮ್ಮನ ಜಾತ್ರೆಯನ್ನು ಅವರು ದಾತೊ ಚಾಚಾರ್ ಎನ್ನುತ್ತಾರೆ. ಚಾಚಾರ್ ಎಂದರೆ ಮಲಯ್ ಭಾಷೆಯಲ್ಲಿ ಸಿಡುಬು. ನಮ್ಮೂರಿನ ಮಾರಮ್ಮನಿಗೂ ಸಿಡುಬಿಗೂ ಇರುವ ನಂಟು ಸಮುದ್ರ ದಾಟಿ, ಭಾಷೆ ಬದಲಾಯಿಸಿಕೊಂಡು, ಅಲ್ಲಿ ಹಾಗೆಯೇ ನಿಂತಿದೆ. ಟೂರಿನ ಬಸ್ಸುಗಳು ಈ ಕಡೆ ತಿರುಗುವುದು ಅಪರೂಪ. ಟ್ಯಾಕ್ಸಿಯಲ್ಲಿ ಹಳೆಯ ಊರಿನಿಂದ ಕೆಲವೇ ನಿಮಿಷದ ದಾರಿ.

ಚೀನೀಯರಲ್ಲಿಯೂ ಇದೇ ರೀತಿ ಮಲಯ್ ನೆಲಕ್ಕೆ ಹೊಂದಿಕೊಂಡವರನ್ನು ಬಾಬಾ ನ್ಯೋನ್ಯಾ ಎನ್ನುತ್ತಾರೆ. ಅವರ ಒಂದು ಶ್ರೀಮಂತ ಮನೆತನದ ಮನೆಯೇ ಈಗ ಬಾಬಾ ನ್ಯೋನ್ಯಾ ವಸ್ತುಸಂಗ್ರಹಾಲಯ. ಬೀದಿಯಿಂದ ನೋಡಿದರೆ ಕಿರಿದಾಗಿ ಕಾಣುತ್ತದೆ, ಒಳಗೆ ಹೋದಂತೆ ಉದ್ದಕ್ಕೆ ಸಾಗುತ್ತದೆ, ನಡುವೆ ಮಳೆಯೂ ಬೆಳಕೂ ಬೀಳುವ ತೆರೆದ ತೊಟ್ಟಿ. ನಮ್ಮ ತೊಟ್ಟಿಮನೆಗಳನ್ನು ಕಂಡವರಿಗೆ ಅದು ಪರಿಚಿತ ಮನೆಯಂತೆಯೇ ಕಾಣುತ್ತದೆ. ಮಹಡಿಯ ನೆಲದಲ್ಲಿ ಒಂದು ಸಣ್ಣ ಕಿಂಡಿ ಇದೆ, ಬಾಗಿಲಿಗೆ ಬಂದವರು ಯಾರೆಂದು ಮೇಲಿನಿಂದಲೇ ನೋಡುವುದಕ್ಕೆ. ಮಕ್ಕಳು ಅಲ್ಲಿಂದ ಏಳುವುದಿಲ್ಲ. ಪಕ್ಕದ ಜೋಂಕರ್ ಬೀದಿಯಲ್ಲಿ ಶುಕ್ರವಾರ, ಶನಿವಾರ, ಭಾನುವಾರ ಸಂಜೆ ಸಂತೆ ಕೂಡುತ್ತದೆ. ಶನಿವಾರದ ನೂಕುನುಗ್ಗಲು ಸುಗ್ಗಿಯ ಜಾತ್ರೆಯನ್ನೂ ಮೀರಿಸುವಂಥದ್ದು, ಅತ್ತಿಗೆಯವರನ್ನು ಅಲ್ಲಿಗೆ ಕರೆದೊಯ್ಯಬೇಡಿ.

ಅವರಿಗೆ ತಕ್ಕದ್ದು ನದಿಯ ದೋಣಿ. ಸುಮಾರು ಮುಕ್ಕಾಲು ಗಂಟೆಯ ಪ್ರಯಾಣ, ಎರಡೂ ದಡದ ಗೋಡೆಗಳ ಮೇಲೆ ಚಿತ್ರಗಳು, ನಡುವೆ ಕಂಪುಂಗ್ ಮೊರ್ಟೆನ್ ಎಂಬ ಮಲಯ್ ಹಳ್ಳಿಯ ಮರದ ಮನೆಗಳು. ಸಂಜೆ ದೀಪ ಹಚ್ಚಿದ ಮೇಲೆ ಹೋಗಿ. ಇನ್ನೊಂದು, ತಾಮಿಂಗ್ ಸಾರಿ ಗೋಪುರ. ಕುಳಿತಲ್ಲಿಯೇ 80 ಮೀಟರು ಮೇಲೇರಿಸಿ, ನಿಧಾನವಾಗಿ ಸುತ್ತಿಸಿ ಇಳಿಸುತ್ತಾರೆ. ಅದೊಂದು ಆಟಿಕೆಯೆಂದು ನಾನು ಬಹಳ ಕಾಲ ಮೂಗು ಮುರಿದಿದ್ದೆ, ಆದರೆ ಗುಡ್ಡ ಹತ್ತಲಾರದವರಿಗೆ ಊರು, ನದಿ, ಸಮುದ್ರ ಒಟ್ಟಿಗೆ ಕಾಣುವ ಬೇರೆ ದಾರಿ ಇಲ್ಲ. ಸೂರ್ಯಾಸ್ತಕ್ಕೆ ಸಮುದ್ರವನ್ನು ತುಂಬಿಸಿ ಮಾಡಿದ ಪುಲಾವ್ ಮೆಲಾಕ ದ್ವೀಪದ ಮಸೀದಿಗೆ ಹೋಗಿ. 2006ರಲ್ಲಿ ತೆರೆದ ಆ ಮಸೀದಿ ಕಂಬಗಳ ಮೇಲೆ ನಿಂತಿದ್ದು, ಭರತದ ಹೊತ್ತಿಗೆ ನೀರಿನ ಮೇಲೆ ತೇಲಿದಂತೆ ಕಾಣುತ್ತದೆ. ಮೈತುಂಬ ಬಟ್ಟೆ ಇರಲಿ, ತಲೆಗೆ ಹೊದೆಯಲು ಒಂದು ಶಾಲು ಕೈಯಲ್ಲಿರಲಿ.

ಊಟದ ವಿಷಯದಲ್ಲಿ ಎಚ್ಚರ ಬೇಕು, ಹೆದರಿಕೆ ಬೇಡ. ತರಕಾರಿ ಪಲ್ಯವೆಂದು ಕೊಡುವುದರಲ್ಲಿಯೂ ಬೆಲಚಾನ್ ಎಂಬ ಸಿಗಡಿಯ ಹುದುಗು ಸೇರಿರಬಹುದು, ನಾಸಿ ಲೆಮಾಕ್ ಅನ್ನದ ಮೇಲೆ ಒಣಮೀನು ಇರುವುದು ರೂಢಿ. ಆದ್ದರಿಂದ ಬಾಳೆಯೆಲೆ ಊಟ ಹಾಕುವ ತಮಿಳರ ಹೋಟೆಲುಗಳಿಗೆ ಹೋಗಿ ಸಸ್ಯಾಹಾರವೆಂದು ಸ್ಪಷ್ಟವಾಗಿ ಹೇಳಿ. ದೋಸೆಯನ್ನು ಅಲ್ಲಿ ತೋಸೈ ಎಂದು ಕೇಳಬೇಕು; ಮಲಯ್ ಭಾಷೆಯಲ್ಲಿ ದೋಸ ಎಂದರೆ ಪಾಪ, ನಮ್ಮ ದೋಷವೇ ಅದು. ಗಂಡನಿಗೆ ಸುಆಮಿ, ಹೆಂಡತಿಗೆ ಇಸ್ತೆರಿ, ಉಪವಾಸಕ್ಕೆ ಪುಆಸ ಎನ್ನುತ್ತಾರೆ. ಬಿಡಬಾರದ ತಿನಿಸೆಂದರೆ ಚೆಂಡೋಲ್. ಕೇದಗೆಯ ಜಾತಿಯ ಪಾಂದಾನ್ ಎಲೆಯ ಹಸಿರು ಶಾವಿಗೆ, ತೆಂಗಿನಹಾಲು, ಹೆರೆದ ಮಂಜುಗಡ್ಡೆ, ಅದರ ಮೇಲೆ ಗುಲಾ ಮೆಲಾಕದ ಪಾಕ. ಗುಲಾ ಮೆಲಾಕ ಎಂದರೆ ತೆಂಗಿನ ಹೊಂಬಾಳೆಯ ರಸವನ್ನು ಕುದಿಸಿ ಮಾಡಿದ ಬೆಲ್ಲ. ಆ ಪಾಕ ಬಾಯಿಗೆ ಬಿದ್ದಾಗ ನಮ್ಮ ಜೋನಿಬೆಲ್ಲಕ್ಕೆ ಸ್ವಲ್ಪ ಹೊಗೆಯ ವಾಸನೆ ಹತ್ತಿದಂತಿರುತ್ತದೆ.

ಹೋಗುವುದು ಸುಲಭ. ಕೌಲಾಲಂಪುರದ ದಕ್ಷಿಣದ ದೊಡ್ಡ ಬಸ್ ನಿಲ್ದಾಣದಿಂದ ಮಲಕ್ಕಾ ಸೆಂಟ್ರಲ್‌ಗೆ ಎರಡು ಗಂಟೆಯ ದಾರಿ, ವಿಮಾನ ನಿಲ್ದಾಣದಿಂದಲೂ ನೇರ ಬಸ್ಸುಗಳಿವೆ. ಗುರುವಾರ ಸಂಜೆ ತಲುಪಿ. ಶುಕ್ರವಾರ ಬೆಳಿಗ್ಗೆ ಮೊದಲು ಚೌಕ ಮತ್ತು ಕೋಟೆ ಬಾಗಿಲು, ಆಮೇಲೆ ಗುಡಿಗಳ ಬೀದಿ. ಮಸೀದಿಯನ್ನು ಮಾತ್ರ ಮಧ್ಯಾಹ್ನದ ನಮಾಜಿಗೆ ಮೊದಲೇ ನೋಡಿಬಿಡಿ. ಬಿಸಿಲಿನ ಹೊತ್ತಿಗೆ ಕೋಣೆಯಲ್ಲಿ ನಿದ್ದೆ. ಸಂಜೆ ದೋಣಿ, ನಂತರ ಶುಕ್ರವಾರದ ಸಂತೆ ಆಗಷ್ಟೇ ಕೂಡುವಾಗ ನೀವು ಒಂದು ಸುತ್ತು ಹಾಕಿ. ಶನಿವಾರ ಬೆಳಿಗ್ಗೆ ಚೆಟ್ಟಿ ಹಳ್ಳಿ ನೋಡಿಕೊಂಡು, ವಾರಾಂತ್ಯದ ಜನ ಊರಿಗೆ ಒಳಬರುವ ಹೊತ್ತಿಗೆ ನೀವು ಹೊರಟುಬಿಡಿ.

ಕೋಣೆ ಕಾದಿರಿಸುವಾಗ ಒಂದನ್ನು ಕೇಳಿಕೋ: ಹಳೆಯ ಮನೆಗಳನ್ನೇ ಹೋಟೆಲು ಮಾಡಿರುವುದರಿಂದ ಅನೇಕ ಕಡೆ ಲಿಫ್ಟ್ ಇಲ್ಲ, ಮೆಟ್ಟಿಲುಗಳು ಏಣಿಯಂತೆ ಕಡಿದಾಗಿರುತ್ತವೆ. ಅತ್ತಿಗೆಯವರಿಗೆ ನೆಲ ಅಂತಸ್ತಿನ ಕೋಣೆಯೇ ಬೇಕೆಂದು ಮೊದಲೇ ಬರೆಸಿಕೋ. ಬರುವಾಗ ನನಗೆ ಎರಡು ಅಚ್ಚು ಗುಲಾ ಮೆಲಾಕ ತಾ.